ಬೀರುವಿನ ಕೀ ಯಾರ ಸೊಂಟದಲ್ಲಿ? ಅಮೆರಿಕದ ಶಟ್‌ಡೌನ್ ಕತೆ

2025ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ತುಮಕೂರಿನಿಂದ ಚಿಕ್ಕಪ್ಪನ ಫೋನ್ ಬಂತು. "ಏನಯ್ಯಾ, ಅಮೆರಿಕದ ಹತ್ರಾನೂ ದುಡ್ಡು ಖಾಲಿ ಆಯ್ತಂತೆ? ಸರ್ಕಾರನೇ ಬಾಗಿಲು ಹಾಕಿದೆ ಅಂತ ಟಿವಿಲಿ ಬೆಳಗ್ಗೆಯಿಂದ ಬಡ್ಕೋತಾ ಇದ್ದಾರೆ."

ದುಡ್ಡು ಖಾಲಿ ಆಗಿರಲಿಲ್ಲ. ಸಾಲ ಕೊಡುವವರು ಕೊಡುತ್ತಲೇ ಇದ್ದರು. ಅದೇ ತಿಂಗಳು ಅಮೆರಿಕ ಸರ್ಕಾರದ ಒಟ್ಟು ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು. ಇಷ್ಟಿದ್ದೂ, ಆಕಾಶದಲ್ಲಿ ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವ ಏರ್ ಟ್ರಾಫಿಕ್ ಕಂಟ್ರೋಲರ್‌ಗಳಿಗೆ ತಿಂಗಳ ಕೊನೆಯಲ್ಲಿ ಸಿಕ್ಕಿದ್ದು ಸೊನ್ನೆ ಡಾಲರ್ ಸಂಬಳದ ಚೀಟಿ. ದುಡಿದ ಗಂಟೆಗಳಿಗೇನೂ ಕಮ್ಮಿ ಇರಲಿಲ್ಲ. ಕೈಗೆ ಬಂದದ್ದು ಮಾತ್ರ ಏನೂ ಇಲ್ಲ.

ಚಿಕ್ಕಪ್ಪನಿಗೆ ಅರ್ಥವಾಗುವ ಹಾಗೆ ಹೇಳಿದ್ದು ಇಷ್ಟು: ಬೀರು ತುಂಬ ದುಡ್ಡಿದೆ ಅಂತಿಟ್ಟುಕೊಳ್ಳಿ. ಆದರೆ ಬೀರುವಿನ ಕೀ ಅಜ್ಜಿ ಸೊಂಟದಲ್ಲಿದೆ. ಅಜ್ಜಿ "ತಗೋ" ಅನ್ನದೆ ಒಂದು ರೂಪಾಯಿಯೂ ಆಚೆ ಬರುವುದಿಲ್ಲ. ಆ ಮನೆಯ ಅಜ್ಜಿಗೆ 535 ತಲೆ.

ಅಜ್ಜಿ ಅಂದರೆ ಅಲ್ಲಿನ ಕಾಂಗ್ರೆಸ್. ನಮ್ಮ ಕಾಂಗ್ರೆಸ್ ಪಕ್ಷವಲ್ಲ, ಅವರ ಸಂಸತ್ತಿನ ಹೆಸರೇ ಅದು. 435 ಜನರ ಕೆಳಮನೆ, 100 ಜನರ ಸೆನೆಟ್. ಕಾನೂನು ಮಾಡಿ ಒಪ್ಪಿಗೆ ಕೊಡದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಅಮೆರಿಕದ ಸಂವಿಧಾನದ ಮೊದಲನೇ ವಿಧಿಯಲ್ಲೇ ಇದೆ. ನಮ್ಮ ಸಂವಿಧಾನದಲ್ಲೂ ಇಂಥದ್ದೇ ಮಾತಿದೆ. ಹಾಗಿದ್ದರೆ ವಿಧಾನಸೌಧಕ್ಕೆ ಯಾಕೆ ಯಾವತ್ತೂ ಶಟ್‌ಡೌನ್, ಅಂದರೆ ಖರ್ಚಿಗೆ ಒಪ್ಪಿಗೆ ಸಿಗದೆ ಆಫೀಸು ಮುಚ್ಚುವುದು, ಆಗಿಲ್ಲ?

ಹತ್ತಿರ ಬಂದಿತ್ತು. 2019ರ ಜುಲೈ ನೆನಪಿದೆಯಾ? 23ಕ್ಕೆ ಕುಮಾರಸ್ವಾಮಿ ಸರ್ಕಾರ ಬಿತ್ತು. ರಾಜ್ಯದ ಖರ್ಚಿಗೆ ಸದನ ಕೊಟ್ಟಿದ್ದ ಒಪ್ಪಿಗೆ ತಿಂಗಳ 31ಕ್ಕೆ ಮುಗಿಯುತ್ತಿತ್ತು. ಅದು ಮುಗಿದರೆ ಸರ್ಕಾರಿ ನೌಕರರ ಸಂಬಳಕ್ಕೂ ದಾರಿ ಇರಲಿಲ್ಲ. 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. 29ಕ್ಕೆ ಬಹುಮತ ಸಾಬೀತು ಮಾಡಿ, ಹಿಂದಿನ ಸರ್ಕಾರ ಮಾಡಿಟ್ಟಿದ್ದ ಹಣಕಾಸು ಮಸೂದೆಯನ್ನೇ ಅವತ್ತೇ ಪಾಸು ಮಾಡಿಸಿಕೊಂಡರು. ಅಷ್ಟು ರಂಪಾಟದ ನಡುವೆಯೂ ಯಾವ ತಾಲ್ಲೂಕು ಕಚೇರಿಗೂ ಬೀಗ ಬೀಳಲಿಲ್ಲ. ಕಾರಣ ಸರಳ. ನಮ್ಮಲ್ಲಿ ಹಣದ ಮಸೂದೆ ಪಾಸು ಮಾಡಿಸಲಾಗದ ಸರ್ಕಾರ ಉಳಿಯುವುದಿಲ್ಲ, ಬಿದ್ದು ಇನ್ನೊಂದು ಬರುತ್ತದೆ. ನಡುವಿನ ದಿನಗಳ ಖರ್ಚಿಗೆ ಲೇಖಾನುದಾನ ಎಂಬ ಮುಂಗಡ ಒಪ್ಪಿಗೆಯ ಬುತ್ತಿ ಇರುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ನಾಲ್ಕು ವರ್ಷ ಅವರಿಗೆ, ಕೆಳಮನೆಯ ಎರಡು ವರ್ಷ ಅವರಿಗೆ. ಬಜೆಟ್ ವಿಷಯಕ್ಕೆ ಜಗಳವಾಯಿತು ಅಂತ ಯಾರೂ ಯಾರನ್ನೂ ಮನೆಗೆ ಕಳಿಸುವ ಹಾಗಿಲ್ಲ. ಸರ್ಕಾರ ಬೀಳುವುದಿಲ್ಲ, ಹಾಗಾಗಿ ಬಾಗಿಲು ಬೀಳುತ್ತದೆ.

ಅವರ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ರಕ್ಷಣೆ, ಕೃಷಿ, ಸಾರಿಗೆ ಹೀಗೆ 12 ಖರ್ಚಿನ ಮಸೂದೆಗಳು ಎರಡೂ ಮನೆಗಳಲ್ಲಿ ಪಾಸಾಗಿ, ಅಧ್ಯಕ್ಷರ ಸಹಿ ಬೀಳಬೇಕು. ಈ ಕೆಲಸ ಕೊನೆಯ ಸಲ ಟೈಮಿಗೆ ಸರಿಯಾಗಿ ಮುಗಿದದ್ದು 1996ರಲ್ಲಿ. ಆಮೇಲೆ ಒಂದು ವರ್ಷವೂ ಇಲ್ಲ. ಮತ್ತೆ ಮನೆ ಹೇಗೆ ನಡೆಯುತ್ತದೆ? "ಹೋದ ವರ್ಷ ಎಷ್ಟು ಕೊಟ್ಟಿದ್ದೆವೋ ಅಷ್ಟೇ ಇನ್ನಷ್ಟು ವಾರ ಖರ್ಚು ಮಾಡಿಕೊಳ್ಳಿ" ಎಂಬ ತಾತ್ಕಾಲಿಕ ಮಸೂದೆಯ ಮೇಲೆ. ಅಲ್ಲಿನವರು ಅದನ್ನು ಸಿಆರ್ ಅನ್ನುತ್ತಾರೆ. ಆ ಗಡುವು ಮುಗಿಯುವಾಗ ಇನ್ನೊಂದು ಸಿಆರ್. ಕೊನೆಗೆ ಕ್ರಿಸ್‌ಮಸ್ ಹೊತ್ತಿಗೆ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ರಾತ್ರೋರಾತ್ರಿ ಪಾಸು ಮಾಡುವುದೂ ಉಂಟು. 2022ರ ಡಿಸೆಂಬರ್‌ನ ಅಂಥ ಮೂಟೆಗೆ 4,155 ಪುಟ. ಓದಿ ಮತ ಹಾಕಿದವರು ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ನಮಸ್ಕಾರ.

ಈಗ ಈ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಒಪ್ಪಿಗೆ ಸಿಗದಿದ್ದರೆ ಆಫೀಸು ಮುಚ್ಚಬೇಕು ಎಂದು ಸಂವಿಧಾನ ಬರೆದವರು ಎಲ್ಲೂ ಹೇಳಿಲ್ಲ. ಸುಮಾರು 190 ವರ್ಷ ಯಾರೂ ಮುಚ್ಚಿಯೂ ಇರಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಸೇನೆಯೂ ಸೇರಿ ಕೆಲವು ಇಲಾಖೆಗಳಿಗೆ ಒಂದು ಕೆಟ್ಟ ಚಾಳಿ ಇತ್ತು. ವರ್ಷಕ್ಕೆ ಅಂತ ಕೊಟ್ಟ ದುಡ್ಡನ್ನು ಕೆಲವೇ ತಿಂಗಳಲ್ಲಿ ಉಡಾಯಿಸುವುದು. ಆಮೇಲೆ ಅಂಗಡಿಯಲ್ಲಿ ಸಾಲ ಬರೆಸಿದ ಹಾಗೆ ಖರ್ಚು ಮುಂದುವರಿಸಿ, ಬಿಲ್ಲನ್ನು ಕಾಂಗ್ರೆಸ್ಸಿನ ಮುಂದೆ ಇಡುವುದು. ಮಾತು ಕೊಟ್ಟಾಗಿದೆ, ಈಗ ತೀರಿಸದೆ ವಿಧಿಯಿಲ್ಲ ಎಂಬ ಧಾಟಿ. ಇದಕ್ಕೆ ಕಡಿವಾಣ ಹಾಕಲು 1870ರಲ್ಲಿ ಒಂದು ಕಾನೂನು ಬಂತು: ಒಪ್ಪಿಗೆ ಇಲ್ಲದೆ ಖರ್ಚು ಮಾಡುವಂತಿಲ್ಲ, ಖರ್ಚಿನ ಮಾತನ್ನೂ ಕೊಡುವಂತಿಲ್ಲ. 1884ರಲ್ಲಿ ಇನ್ನೊಂದು ಎಳೆ ಸೇರಿತು. ಸರ್ಕಾರ ಯಾರಿಂದಲೂ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವಂತಿಲ್ಲ. ಇವತ್ತು ಬಿಟ್ಟಿ ಮಾಡಿದವರು ನಾಳೆ ಬಂದು ಸಂಬಳ ಕೇಳಿದರೆ ಅದೂ ಒಪ್ಪಿಗೆ ಇಲ್ಲದ ಸಾಲವೇ ಅಲ್ವಾ? ಮುರಿದವರಿಗೆ ಇವತ್ತಿಗೂ 5,000 ಡಾಲರ್ ದಂಡ, ಎರಡು ವರ್ಷದವರೆಗೆ ಜೈಲು ಎಂದು ಕಾನೂನಿನಲ್ಲಿದೆ. ಜೈಲಿಗೆ ಹೋದವರು ಮಾತ್ರ ಇನ್ನೂ ಯಾರೂ ಇಲ್ಲ.

ಕಾನೂನು ಪುಸ್ತಕದಲ್ಲಿತ್ತು. ಆದರೆ ಮಸೂದೆ ತಡವಾದಾಗ ಯಾರೂ ಅದನ್ನು ತೆಗೆದು ಓದುತ್ತಿರಲಿಲ್ಲ. 1978ರಲ್ಲಿ 17 ದಿನ ಹಲವು ಇಲಾಖೆಗಳಿಗೆ ಒಪ್ಪಿಗೆಯೇ ಇರಲಿಲ್ಲ. ಆದರೂ ಎಲ್ಲರೂ ಎಂದಿನಂತೆ ಆಫೀಸಿಗೆ ಹೋದರು, ಬಂದರು. ತುರ್ತಿಲ್ಲದ ಖರ್ಚು ಕಮ್ಮಿ ಮಾಡಿ ದಿನ ದೂಡಿದರು. ಇವತ್ತಲ್ಲ ನಾಳೆ ದುಡ್ಡು ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು.

1980ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಕಾರ್ಟರ್ ಅವರ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಆ ಹಳೇ ಕಾನೂನನ್ನು ಅಕ್ಷರಶಃ ಓದಿದರು. ಒಪ್ಪಿಗೆ ಇಲ್ಲ ಅಂದರೆ ಇಲ್ಲ, ಕೆಲಸ ನಿಲ್ಲಿಸಿ ಎಂದು ಅಭಿಪ್ರಾಯ ಬರೆದರು. ಮೇ 1ಕ್ಕೆ ಮೊದಲ ಬಲಿ ಬಿತ್ತು. ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಫೆಡರಲ್ ಟ್ರೇಡ್ ಕಮಿಷನ್ ಒಂದು ದಿನ ಮುಚ್ಚಿತು. ಸುಮಾರು 1,600 ಜನ ಮನೆಗೆ ಹೋದರು. ಕಾರ್ಟರ್ ಅಧಿಕಾರ ಬಿಡಲು ಇನ್ನೇನು ಕೆಲವೇ ದಿನ ಇದ್ದಾಗ, 1981ರ ಜನವರಿಯಲ್ಲಿ, ಸಿವಿಲೆಟ್ಟಿ ಇನ್ನೊಂದು ಪತ್ರ ಬರೆದು ಸ್ವಲ್ಪ ಸಡಿಲ ಮಾಡಿದರು: ಜನರ ಪ್ರಾಣ, ಆಸ್ತಿ ಕಾಪಾಡುವ ಕೆಲಸ ನಿಲ್ಲಬಾರದು. ಇವತ್ತಿನ ಶಟ್‌ಡೌನಿನ ಪೂರ್ತಿ ನಕ್ಷೆ ಈ ಎರಡು ಪತ್ರಗಳಲ್ಲಿದೆ. ಇದೊಂದು ರಾಜಕೀಯ ಆಯುಧ ಆಗುತ್ತೆ ಅಂತ ತಾವು ಊಹಿಸಿಯೇ ಇರಲಿಲ್ಲ ಎಂದು ಅವರು ಬದುಕಿನ ಕೊನೆಯ ವರ್ಷಗಳಲ್ಲಿ ಹೇಳಿಕೊಂಡರು. 2022ರಲ್ಲಿ ತೀರಿಕೊಂಡರು.

ಆ ಎರಡನೇ ಪತ್ರದಿಂದಾಗಿ ನೌಕರರು ಎರಡು ಪಾಲಾಗುತ್ತಾರೆ. ಪ್ರಾಣ ಕಾಯುವವರು, ಅಂದರೆ ಕಂಟ್ರೋಲರ್‌ಗಳು, ಗಡಿ ಕಾವಲಿನವರು, ವಿಮಾನ ನಿಲ್ದಾಣದಲ್ಲಿ ಬ್ಯಾಗು ತಪಾಸಣೆ ಮಾಡುವವರು, ಕೂಡಲೇ ಸಂಬಳ ಸಿಗದಿದ್ದರೂ ಕೆಲಸಕ್ಕೆ ಬರಲೇಬೇಕು, ಅದು ಆಮೇಲೆ ಬರುತ್ತದೆ. ಉಳಿದವರು ಬರುವಂತೆಯೇ ಇಲ್ಲ. ಅವರಿಗೆ ಸಿಗುವುದು ಫರ್ಲೋ. ನಮ್ಮಲ್ಲಿ ಈ ಪದ ಕೇಳಿ ಬರುವುದು ಜೈಲಿನಿಂದ ರಜೆ ಮೇಲೆ ಆಚೆ ಬರುವ ಕೈದಿಗಳ ಸುದ್ದಿಯಲ್ಲಿ. 1884ರ ಆ ಎಳೆ ನೆನಪಿದೆಯಲ್ಲ? ಬಿಟ್ಟಿ ಕೆಲಸ ನಿಷೇಧ. ಅದಕ್ಕೇ ಫರ್ಲೋ ಮೇಲಿರುವವರು ಆಫೀಸಿನ ಮೇಲ್ ಕೂಡ ತೆಗೆದು ನೋಡಬಾರದು. ಕೆಲಸದ ಮೇಲೆ ಪ್ರೀತಿ ಇದ್ದು ಮನೆಯಲ್ಲೇ ಕೂತು ಮಾಡಿದರೂ ತಪ್ಪು.

2013ರ ಅಕ್ಟೋಬರ್ 1ರ ಒಂದು ನೋಟ ಹೇಳುತ್ತೇನೆ. ವಾಷಿಂಗ್ಟನ್ನಿನ ಎರಡನೇ ಮಹಾಯುದ್ಧದ ಸ್ಮಾರಕ ಒಂದು ಬಯಲು ಜಾಗ. ಕಂಬಗಳು, ನಡುವೆ ಕೊಳ, ಕಾರಂಜಿ. ರಾತ್ರಿ ಹಗಲು ಯಾರು ಬೇಕಾದರೂ ನಡೆದು ಹೋಗಬಹುದು. ಅವತ್ತು ಸರ್ಕಾರ ಮುಚ್ಚಿದೆ ಅಂತ ತೋರಿಸಲು ಅದರ ಸುತ್ತ ಬ್ಯಾರಿಕೇಡ್ ತಂದು ಇಟ್ಟರು. ಅದೇ ದಿನ ಮಿಸಿಸಿಪ್ಪಿಯಿಂದ ಆ ಯುದ್ಧದಲ್ಲಿ ಹೋರಾಡಿದ್ದ ಮುದುಕರು ಬಂದಿದ್ದರು. ಎಷ್ಟೋ ಜನ ಗಾಲಿ ಕುರ್ಚಿಯಲ್ಲಿ. ಬ್ಯಾರಿಕೇಡ್ ಪಕ್ಕಕ್ಕೆ ಸರಿಯಿತು, ಅವರು ಒಳಗೆ ಹೋದರು. ತೆರೆದ ಬಯಲನ್ನು ಮುಚ್ಚುವುದಕ್ಕೂ ಜನ ಬೇಕು, ಕೆಲಸ ಬೇಕು. ಅದೇ ದಿನ ಅಲ್ಲಿನ ಮೃಗಾಲಯದ ಪಾಂಡಾ ಕ್ಯಾಮೆರಾವೂ ಆಫ್ ಆಯಿತು. ಪಾಂಡಾಕ್ಕೆ ಊಟ ಹಾಕುವುದು ಪ್ರಾಣ ಕಾಯುವ ಕೆಲಸ, ಅದು ನಡೆಯಿತು. ಅದನ್ನು ಜನ ಇಂಟರ್ನೆಟ್ಟಿನಲ್ಲಿ ನೋಡುವುದು ಆ ಲೆಕ್ಕಕ್ಕೆ ಬರಲಿಲ್ಲ.

ಇಷ್ಟೆಲ್ಲ ಗಲಾಟೆಯಲ್ಲಿ ನಿಲ್ಲುವುದು ಎಷ್ಟು? ಇಲ್ಲೇ ಟಿವಿ ನೋಡುವವರಿಗೆ ದಾರಿ ತಪ್ಪುವುದು. ಅಮೆರಿಕದ ಕೇಂದ್ರ ಸರ್ಕಾರ 2025ರ ಹಣಕಾಸು ವರ್ಷದಲ್ಲಿ ಖರ್ಚು ಮಾಡಿದ್ದು ಸುಮಾರು 7 ಲಕ್ಷ ಕೋಟಿ ಡಾಲರ್. ಇದರಲ್ಲಿ ವರ್ಷ ವರ್ಷ ಒಪ್ಪಿಗೆ ಬೇಕಾದದ್ದು ಕಾಲು ಭಾಗದ ಆಸುಪಾಸು. ಅದರಲ್ಲೂ ಅರ್ಧದಷ್ಟು ರಕ್ಷಣೆಗೆ. ಉಳಿದ ಮುಕ್ಕಾಲು ಭಾಗಕ್ಕೆ ಒಪ್ಪಿಗೆ ಯಾವತ್ತೋ ಸಿಕ್ಕಾಗಿದೆ. ವಯಸ್ಸಾದವರಿಗೆ ತಿಂಗಳು ತಿಂಗಳು ಹೋಗುವ ಸೋಷಿಯಲ್ ಸೆಕ್ಯುರಿಟಿಗೆ 1935ರ ಕಾನೂನು, 65 ದಾಟಿದವರ ಆಸ್ಪತ್ರೆ ಖರ್ಚಿನ ಮೆಡಿಕೇರ್‌ಗೆ 1965ರದ್ದು. ಅರ್ಹರು ಎಷ್ಟು ಜನ ಇದ್ದಾರೋ ಅಷ್ಟು ಜನಕ್ಕೆ ಹಣ ತಾನಾಗಿಯೇ ಹೋಗುತ್ತದೆ. ಸಾಲದ ಬಡ್ಡಿಯೂ ಹಾಗೇ. ಆ ಬಡ್ಡಿ ಈಗ ವರ್ಷಕ್ಕೆ ಒಂದು ಲಕ್ಷ ಕೋಟಿ ಡಾಲರಿನ ಹತ್ತಿರ ಬಂದಿದೆ, ರಕ್ಷಣೆಗೆ ಸುರಿಯುವುದಕ್ಕಿಂತ ಜಾಸ್ತಿ.

ಅಂದರೆ ಸಾಲ ಬೆಳೆಯುತ್ತಿರುವುದು ಮುಖ್ಯವಾಗಿ ಯಾರೂ ಮುಟ್ಟದ ಮುಕ್ಕಾಲು ಭಾಗದಿಂದ, ಮತ್ತು ಯಾರೂ ಏರಿಸಲು ಧೈರ್ಯ ಮಾಡದ ತೆರಿಗೆಯಿಂದ. ಜಗಳ, ಬೀಗ, ಬ್ಯಾರಿಕೇಡ್ ಎಲ್ಲ ಕಾಲು ಭಾಗದ ಮೇಲೆ. ಮನೆ ಬಾಡಿಗೆ, ಕಾರಿನ ಇಎಂಐ ಬಗ್ಗೆ ತುಟಿ ಬಿಚ್ಚದೆ ಹಾಲಿನವನ ಲೆಕ್ಕಕ್ಕೆ ರಾದ್ಧಾಂತ ಮಾಡುವ ಸಂಸಾರ ನೋಡಿದ್ದೀರಲ್ಲ, ಹಾಗೆ.

ನಿಲ್ಲದವುಗಳ ಪಟ್ಟಿಯಲ್ಲಿ ಇನ್ನೂ ಒಂದಿದೆ. ಕಾಂಗ್ರೆಸ್ ಸದಸ್ಯರ ಸಂಬಳ. ವರ್ಷಕ್ಕೆ 1,74,000 ಡಾಲರ್. ಅದಕ್ಕೆ ಕಾಯಂ ಒಪ್ಪಿಗೆ ಇದೆ. ಬೀಗ ಹಾಕಿದವರಿಗೆ ಸಂಬಳ ಬರುತ್ತೆ, ಬೀಗದ ಆಚೆ ನಿಂತವರಿಗೆ ಬರಲ್ಲ.

ಸರಿ, 2025ರಲ್ಲಿ ಕೆಳಮನೆ, ಸೆನೆಟ್, ಅಧ್ಯಕ್ಷ ಸ್ಥಾನ ಮೂರೂ ಟ್ರಂಪ್ ಅವರ ಪಕ್ಷವಾದ ರಿಪಬ್ಲಿಕನ್ನರ ಕೈಯಲ್ಲೇ ಇತ್ತಲ್ಲ, ಮತ್ತೆ ಯಾಕೆ ನಿಂತಿತು? ಚಿಕ್ಕಪ್ಪನೂ ಇದನ್ನೇ ಕೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು. ಸೆನೆಟ್ಟಿನಲ್ಲಿ ಮಸೂದೆ ಪಾಸಾಗಲು 51 ಮತ ಸಾಕು. ಆದರೆ "ಚರ್ಚೆ ಸಾಕು, ಈಗ ಮತ ಹಾಕೋಣ" ಅನ್ನಲು 60 ಬೇಕು. ಇದಕ್ಕೆ ಫಿಲಿಬಸ್ಟರ್ ನಿಯಮ ಎನ್ನುತ್ತಾರೆ. ರಿಪಬ್ಲಿಕನ್ನರ ಹತ್ತಿರ ಇದ್ದದ್ದು 53. ತಮಾಷೆ ಅಂದರೆ, ತೆರಿಗೆ, ಸಾಲದಂಥ ವಿಷಯಗಳಿಗೆ ವರ್ಷದಲ್ಲೊಮ್ಮೆ 60ರ ಗೊಡವೆ ಇಲ್ಲದ ಬೇರೆ ಬಾಗಿಲಿದೆ. ಅದೇ ಜುಲೈನಲ್ಲಿ ಟ್ರಂಪ್ ಅವರ ಭಾರೀ ತೆರಿಗೆ ಕಾನೂನು ಆ ಬಾಗಿಲಿನಿಂದ ಉಪಾಧ್ಯಕ್ಷರ ಒಂದು ಮತದಿಂದ 51-50ರಲ್ಲಿ ಪಾಸಾಗಿತ್ತು. ಮುಂದಿನ ಹಲವು ವರ್ಷಗಳ ತೆರಿಗೆ ಬದಲಿಸಲು 51 ಸಾಕಾಯಿತು. ಏಳು ವಾರ ಆಫೀಸು ತೆರೆದಿಡಲು 60 ಬೇಕಾಯಿತು.

ವಿರೋಧ ಪಕ್ಷದ ಡೆಮಾಕ್ರಾಟರ ಕೈಗೆ ಸಿಕ್ಕಿದ್ದ ಒಂದೇ ಹಗ್ಗ ಅದು, ಅವರು ಎಳೆದರು. ಅಧ್ಯಕ್ಷ ಒಬಾಮಾ ಕಾಲದ ಒಬಾಮಾಕೇರ್ ಕಾನೂನಿನ ಅಡಿ ಆರೋಗ್ಯ ವಿಮೆ ಕೊಳ್ಳುವವರಿಗೆ ಕೋವಿಡ್ ಕಾಲದಲ್ಲಿ ಹೆಚ್ಚಿಸಿದ ಸಬ್ಸಿಡಿ ವರ್ಷದ ಕೊನೆಗೆ ಮುಗಿಯುತ್ತಿತ್ತು. ಎರಡು ಕೋಟಿಗೂ ಜಾಸ್ತಿ ಜನ ಅದರ ಮೇಲಿದ್ದರು. ಅದನ್ನು ಮುಂದುವರಿಸಿ, ಇಲ್ಲದಿದ್ದರೆ ಮತ ಇಲ್ಲ ಎಂದರು. ಮೊದಲು ಆಫೀಸು ತೆಗೆಯಿರಿ, ಆಮೇಲೆ ಮಾತು ಎಂದರು ರಿಪಬ್ಲಿಕನ್ನರು. ಒಂದೇ ಮಸೂದೆ ಹದಿನಾಲ್ಕು ಸಲ ಸೆನೆಟ್ಟಿಗೆ ಬಂದು ಹದಿನಾಲ್ಕು ಸಲವೂ ಬಿತ್ತು. ಆರೇಳು ಲಕ್ಷ ನೌಕರರು ಮನೆಯಲ್ಲಿ, ಹೆಚ್ಚುಕಮ್ಮಿ ಅಷ್ಟೇ ಜನ ಸಂಬಳವಿಲ್ಲದೆ ಕೆಲಸದಲ್ಲಿ. ನವೆಂಬರ್ ಶುರುವಾಗುತ್ತಿದ್ದ ಹಾಗೆ 4.2 ಕೋಟಿ ಬಡವರ ದಿನಸಿ ನೆರವಿಗೂ ಕುತ್ತು ಬಂತು, ವಿಷಯ ಕೋರ್ಟು ಹತ್ತಿತು. ನವೆಂಬರ್ 7ರಿಂದ 40 ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿಮೆ ಮಾಡಿದರು. ಕೊನೆಗೆ ಡೆಮಾಕ್ರಾಟರ ಕಡೆಯ ಎಂಟು ಜನ ಸೆನೆಟರ್‌ಗಳು ರಿಪಬ್ಲಿಕನ್ನರ ಜೊತೆ ಮತ ಹಾಕಿದರು. ನವೆಂಬರ್ 12ರ ರಾತ್ರಿ ಸಹಿ ಬಿತ್ತು. 43 ದಿನ, ಅಲ್ಲಿಯವರೆಗಿನ ದಾಖಲೆ. ಸಬ್ಸಿಡಿ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಅದರ ಮೇಲೆ ಮತ ಹಾಕಿಸುತ್ತೇವೆ ಎಂಬ ಮಾತು ಸಿಕ್ಕಿತು. ಮತ ಹಾಕಿದರು, ಬಿದ್ದು ಹೋಯಿತು.

ಹಿಂದಿನ ದಾಖಲೆಯ ಕತೆಯೂ ಇದೇ. 2018ರ ಡಿಸೆಂಬರ್‌ನಿಂದ 35 ದಿನ. ಮೆಕ್ಸಿಕೋ ಗಡಿಯ ಗೋಡೆಗೆ ಟ್ರಂಪ್ 570 ಕೋಟಿ ಡಾಲರ್ ಕೇಳಿದ್ದರು. 2019ರ ಜನವರಿ 25ರ ಬೆಳಗ್ಗೆ ಬೆರಳೆಣಿಕೆಯ ಕಂಟ್ರೋಲರ್‌ಗಳು ರಜೆ ಹಾಕಿದರು. ನ್ಯೂಯಾರ್ಕಿನ ಲಾಗ್ವಾರ್ಡಿಯಾಕ್ಕೆ ಬರುವ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆಯಬೇಕಾಯಿತು. ಅವತ್ತೇ ಆಫೀಸು ತೆರೆಯಲು ಒಪ್ಪಿಗೆಯಾಯಿತು, ಗೋಡೆಗೆ ಹಣವಿಲ್ಲದೆ. ದೇಶದ ಉತ್ಪಾದನೆಯಲ್ಲಿ 300 ಕೋಟಿ ಡಾಲರ್ ಮತ್ತೆಂದೂ ಬಾರದ ನಷ್ಟ ಎಂದು ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಲೆಕ್ಕ ಹಾಕಿತು. 2019ರಲ್ಲೇ ಒಂದು ಕಾನೂನು ಮಾಡಿ, ಶಟ್‌ಡೌನ್ ಮುಗಿದ ಮೇಲೆ ಎಲ್ಲ ನೌಕರರಿಗೂ ಹಳೇ ಸಂಬಳ ಕೊಡಬೇಕು ಎಂದರು. ಒಳ್ಳೆಯದೇ. ಆದರೆ ಲೆಕ್ಕ ನೋಡಿ: ದುಡ್ಡು ಉಳಿಸುತ್ತೇವೆ ಎನ್ನುವವರೂ ಇರುವ ಜಗಳದಲ್ಲಿ, ಲಕ್ಷಾಂತರ ಜನಕ್ಕೆ ಮನೆಯಲ್ಲಿ ಕೂತದ್ದಕ್ಕೆ ಪೂರ್ತಿ ಸಂಬಳ. ಅದೇ ಕಟ್ಟಡ ಗುಡಿಸುವ, ಕ್ಯಾಂಟೀನ್ ನಡೆಸುವ ಗುತ್ತಿಗೆ ಕೆಲಸಗಾರರಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಅವರ ದಿನಗೂಲಿ ಹೋಯಿತು ಅಂದರೆ ಹೋಯಿತು.

ಸಾಲದ ಮಿತಿ ಎಂಬ ಇನ್ನೊಂದು ಮಾತು ಇದರ ಜೊತೆ ಕಲಸಿಕೊಳ್ಳುತ್ತದೆ, ಅದನ್ನು ಬೇರೆ ಇಡಿ. ಶಟ್‌ಡೌನ್ ಅಂದರೆ ಹೊಸ ಖರ್ಚಿಗೆ ಒಪ್ಪಿಗೆ ಇಲ್ಲ. ಸಾಲದ ಮಿತಿ ಮುಟ್ಟುವುದು ಅಂದರೆ, ಆಗಲೇ ಒಪ್ಪಿಕೊಂಡ ಖರ್ಚಿಗೆ ಸಾಲ ಎತ್ತಲು ಒಪ್ಪಿಗೆ ಇಲ್ಲ. ಹೋಟೆಲಿನಲ್ಲಿ ಊಟ ಮುಗಿಸಿ ಕೈ ತೊಳೆದಾದ ಮೇಲೆ ಬಿಲ್ಲು ಕೊಡಬೇಕೋ ಬೇಡವೋ ಎಂದು ಮತ ಹಾಕುವ ಹಾಗೆ. ಇದು ಶಟ್‌ಡೌನಿಗಿಂತ ಎಷ್ಟೋ ಅಪಾಯದ ಆಟ. 2011ರಲ್ಲಿ ಕೊನೇ ಗಳಿಗೆಯವರೆಗೆ ಎಳೆದಾಡಿದ್ದಕ್ಕೇ ಎಸ್ ಅಂಡ್ ಪಿ ಸಂಸ್ಥೆ ಅಮೆರಿಕದ ಸಾಲದ ರೇಟಿಂಗನ್ನು ಮೊದಲ ಸಲ ಇಳಿಸಿತು. 2025ರ ಜುಲೈನ ಆ ತೆರಿಗೆ ಕಾನೂನು ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿ 41.1 ಲಕ್ಷ ಕೋಟಿಗೆ ಒಯ್ದಿತ್ತು. ಅಕ್ಟೋಬರ್‌ನ ಬಿಕ್ಕಟ್ಟಿನಲ್ಲಿ ಈ ಭಯ ಇರದಿದ್ದದ್ದು ಅದಕ್ಕೇ.

ನಮ್ಮ ಹುಡುಗರಿಗೆ ಬಿಸಿ ಮುಟ್ಟಿದ್ದು ಬೇರೆ ಕಡೆ. ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವ ಮೊದಲು ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ಒಪ್ಪಿಗೆ ಪಡೆಯಬೇಕು. ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲು ಪರ್ಮ್ ಕೂಡ ಅಲ್ಲೇ. ಆ ವಿಭಾಗ ನಡೆಯುವುದು ವರ್ಷ ವರ್ಷದ ಒಪ್ಪಿಗೆಯ ದುಡ್ಡಿನಲ್ಲಿ, ಹಾಗಾಗಿ ಹೆಚ್ಚುಕಮ್ಮಿ ಅಕ್ಟೋಬರ್ ಪೂರ್ತಿ ನಿಂತಿತ್ತು. ಮುಂದಿನ ಮೆಟ್ಟಿಲಾದ ವಲಸೆ ಕಚೇರಿ ನಡೆಯುವುದು ಅರ್ಜಿದಾರರ ಫೀಸಿನಲ್ಲಿ. ಅದು ತೆರೆದೇ ಇತ್ತು. ಎರಡನೇ ಕೌಂಟರ್ ತೆರೆದಿದೆ, ಆದರೆ ಅಲ್ಲಿಗೆ ಬೇಕಾದ ಚೀಟಿ ಕೊಡುವ ಮೊದಲ ಕೌಂಟರಿಗೆ ಬೀಗ.

ಇಷ್ಟೆಲ್ಲ ಕೇಳಿಸಿಕೊಂಡ ಚಿಕ್ಕಪ್ಪ ಆಗ ಅಸಲಿ ವಿಷಯಕ್ಕೆ ಬಂದರು. "ಅದೆಲ್ಲ ಇರಲಿ. ನಮ್ಮ ಹುಡುಗಿದು ಚೆನ್ನೈಲಿ ಅಮೆರಿಕದ ವೀಸಾ ಸ್ಟಾಂಪಿಂಗ್ ಅಪಾಯಿಂಟ್‌ಮೆಂಟ್ ಇದೆ. ಆಫೀಸು ತೆಗೆದಿರುತ್ತೋ ಇಲ್ವೋ, ಅಷ್ಟು ಹೇಳು. ಟ್ರೈನ್ ಟಿಕೆಟ್ ಮಾಡಿಸಬೇಕು."

"ತೆಗೆದಿರುತ್ತೆ ಚಿಕ್ಕಪ್ಪ. ವೀಸಾ ಕೌಂಟರ್ ನಡೆಯೋದು ಫೀಸಿನ ದುಡ್ಡಲ್ಲಿ. ಅವಳು 205 ಡಾಲರ್ ಕಟ್ಟಿದ್ದಾಳಲ್ಲ, ಆ ದುಡ್ಡು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಹಾಗಾದ್ರೆ ಅಮೆರಿಕದಲ್ಲಿ ಈಗ ನಡೀತಿರೋ ಆಫೀಸು ನಮ್ಮ ದುಡ್ಡಲ್ಲಿ ನಡೀತಿರೋದು ಅನ್ನು" ಅಂದರು ಚಿಕ್ಕಪ್ಪ.